ಲತಾಳ ಮಡಿಲು ತುಂಬಿದವರು ಯಾರು

ನಾನು ಸುಳ್ಳು ಬರೆದೆ. ಸುಳ್ಳಿಗೆ ಜಾಗವಿಲ್ಲ ಎಂದು ನಾನೇ ನಿಯಮ ಮಾಡಿದ ಈ ಗುಂಪಿನಲ್ಲಿ, ನಿಮ್ಮೆಲ್ಲರ ಕಣ್ಣೆದುರು ಬರೆದೆ. ಆ ಸುಳ್ಳನ್ನು ಉಳಿಸಿಕೊಳ್ಳುವುದಕ್ಕೆ, ನಿಜ ಹೇಳಿದ ಹೆಂಗಸಿಗೆ ತಲೆ ಸರಿಯಿಲ್ಲ ಎಂದೆ. ಆಕೆ ಗಿರಿಜಾ — ನನ್ನ ವಾರಗಿತ್ತಿ, ತೀರಿಹೋದ ನನ್ನ ಮೈದುನನ ಹೆಂಡತಿ. ಅವಳ ತಲೆ ಸರಿಯಾಗಿಯೇ ಇದೆ. ಯಾವತ್ತೂ ಸರಿಯಾಗಿಯೇ ಇತ್ತು. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟನ್ನಾದರೂ ಓದಿಕೊಂಡು ಹೋಗಿ.

ಹೊಸದಾಗಿ ಸೇರಿದವರಿಗೆ ಒಂದು ಮಾತು. ಈ 'ಮೂರೂರ ಮನೆಮಾತು' ಗುಂಪು ಹುಟ್ಟಿದ್ದು ಅಜ್ಜಂಪುರದ ನಮ್ಮ ಅಡುಗೆಮನೆಯಲ್ಲಿ. ಬೆಳಗಾದರೆ ಮೊಬೈಲಿನ ತುಂಬ ಗುಲಾಬಿ ಹೂವು, ಶುಭೋದಯ, ಯಾರೋ ಯಾರಿಗೋ ಹೇಳಿದ ಮನೆಮದ್ದು — ನೋಡಿ ನೋಡಿ ಸಾಕಾಗಿತ್ತು. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಹೆಂಗಸರು ತಮ್ಮ ಬದುಕಿನಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯಲಿ ಎಂದುಕೊಂಡೆ. ನಿಯಮ ಅದೊಂದೇ. ಮೊದಮೊದಲು ನಾನು ಬರೆದದ್ದೆಲ್ಲ ನಿಜವೇ. ಹುಳಿ ಉಪ್ಪಾಗಿ ನೆಂಟರೆದುರು ಮಾನ ಹೋದದ್ದು, ಅತ್ತೆಯ ಮೇಲಿನ ಸಿಟ್ಟಿಗೆ ಊಟ ಬಿಟ್ಟು ಕೊನೆಗೆ ಕದ್ದು ರೊಟ್ಟಿ ತಿಂದದ್ದು. ಓದಿ ನಕ್ಕಿರಿ, ನೀವೂ ಬರೆದಿರಿ. ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ನಗಿಸುವವಳು ಎಂಬ ಹೆಸರು ನನಗೆ ಸಾಲಲಿಲ್ಲ — ದೊಡ್ಡ ಮನಸ್ಸಿನವಳು ಎನ್ನಿಸಿಕೊಳ್ಳುವ ಆಸೆ ಹುಟ್ಟಿತು.

ಆಗ ಬರೆದದ್ದೇ ಲತಾಳ ಮದುವೆಯ ಕಥೆ. ಲತಾ ಗಿರಿಜೆಯ ಮಗಳು. ನಮ್ಮ ಕಡೆ ಮದುಮಗಳನ್ನು ಗಂಡನ ಮನೆಗೆ ಕಳಿಸುವ ಮುಂಚೆ ತವರಿನ ಹೆಂಗಸರು ಅವಳಿಗೆ ಮಡಿಲು ತುಂಬುತ್ತಾರೆ. ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ. ಮೊದಲ ಕೈ ಹೆತ್ತವಳದ್ದು. ಹೆತ್ತವಳಿಗೆ ಗಂಡನಿಲ್ಲದಿದ್ದರೆ ಅವಳು ಆ ಸಾಲಿನಲ್ಲಿ ನಿಲ್ಲುವ ಹಾಗಿಲ್ಲ. ನಾನು ಬರೆದದ್ದು ಏನೆಂದು ನಿಮ್ಮಲ್ಲಿ ಎಷ್ಟೋ ಜನಕ್ಕೆ ಬಾಯಿಪಾಠವಾಗಿದೆ — ದೊಡ್ಡಮ್ಮನಾದ ನಾನು ಗಿರಿಜೆಯನ್ನು ಕೈಹಿಡಿದು ಕರೆತಂದೆ, ಅಕ್ಕಿಯ ಮೊರವನ್ನು ಅವಳ ಕೈಗಿಟ್ಟೆ, 'ಹೆತ್ತ ಕೈಗಿಂತ ಶುಭದ ಕೈ ಯಾವುದು?' ಎಂದು ಹಿರಿಯರನ್ನು ಕೇಳಿದೆ, ಛತ್ರಕ್ಕೆ ಛತ್ರವೇ ಕಣ್ಣೊರೆಸಿಕೊಂಡಿತು.

ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ನಾನು ಯಾರನ್ನೂ ಕರೆತರಲಿಲ್ಲ.

ನಡೆದದ್ದು ಇದು. ಲತಾ ಮಣೆಯ ಮೇಲೆ ನಿಂತವಳು ಸೆರಗು ಒಡ್ಡಲಿಲ್ಲ. "ಮೊದ್ಲು ಅವ್ವ ತುಂಬ್ಲಿ ದೊಡ್ಡಮ್ಮ," ಅಂದಳು. ಗಿರಿಜಾ ಉಗ್ರಾಣದ ಬಾಗಿಲಲ್ಲಿದ್ದಳು. ಆ ಮಾತು ಕೇಳಿ ಒಂದು ಹೆಜ್ಜೆ ಮುಂದಿಟ್ಟಳು — ನಿಜವಾಗಿ ಇಟ್ಟಳು, ನಾನು ನೋಡಿದೆ. ಗಂಡಿನ ಕಡೆಯವರು ಮುಖಮುಖ ನೋಡಿಕೊಂಡರು. ನಾನು ಅವಳ ಹತ್ತಿರ ಹೋಗಿ, ಮೆಲ್ಲಗೆ, ಅವಳೊಬ್ಬಳಿಗೇ ಕೇಳುವಂತೆ ಹೇಳಿದೆ: "ಒಳ್ಳೇ ಹೊತ್ನಲ್ಲಿ ಯಾಕೆ ಬತ್ತೀಯ ಗಿರಿಜಾ? ಮಗಳು ಬಾಳ್ಬೇಕೋ ಬ್ಯಾಡ್ವೋ? ಒಳಗಿರು." ಅವಳು ಹೆಜ್ಜೆ ಹಿಂದಕ್ಕೆ ತೆಗೆದುಕೊಂಡಳು. ಮೊದಲ ಕೈ ನನ್ನದಾಯಿತು. ಕೊಬ್ಬರಿಯನ್ನು ಗಿರಿಜಾ ತನ್ನ ತೋಟದ ಕಾಯಿಂದಲೇ, ಮಗಳಿಗೆಂದು, ವರ್ಷದ ಮುಂಚೆಯೇ ಅಟ್ಟಕ್ಕೆ ಹಾಕಿ ಒಣಗಿಸಿ ತಂದಿದ್ದಳು. ಅದನ್ನು ಅವಳ ಮಗಳ ಸೆರಗಿಗೆ ನಾನು ಹಾಕಿದೆ. ಲತಾ ನನ್ನ ಮುಖ ನೋಡಲಿಲ್ಲ.

ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ. ಹುಟ್ಟಿಗೆ ಸೂತಕವಿಲ್ಲ, ಸಾವಿಗೆ ಸೂತಕವಿಲ್ಲ ಎಂದು ಸ್ವಾಮಿಗಳು ಹೇಳುವಾಗ ಮುಂದಿನ ಸಾಲಿನಲ್ಲಿ ಕೂತು ತಲೆದೂಗುವವರು ನಾವು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಆ ದಿನ ಗಂಡಿನ ಕಡೆಯವರು ಬಾಯಿಬಿಟ್ಟು ಏನೂ ಅಂದಿರಲಿಲ್ಲ. ಅವರು ಅನ್ನುವ ಮುಂಚೆ ನಾನೇ ಅಂದೆ.

ಬರೆಯಲು ಕೂತಾಗ ನಿಜವನ್ನೇ ಬರೆಯಬೇಕೆಂದು ಕೂತಿದ್ದೆ — ಹೀಗೆ ಹೇಳಿದರೆ ನೀವು ನಂಬಬೇಕಾಗಿಲ್ಲ. 'ಒಳಗಿರು ಎಂದೆ' ಎಂದು ಬರೆದೂ ಬರೆದೆ. ಓದಿ ನೋಡಿದರೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅಳಿಸಿದೆ. ಆಗಬೇಕಾಗಿದ್ದದ್ದನ್ನು ಬರೆದರೆ ತಪ್ಪೇನು, ಓದಿದವರಿಗಾದರೂ ಬುದ್ಧಿ ಬರಲಿ ಎಂದುಕೊಂಡೆ. ಮಿಕ್ಕದ್ದು ತಾನಾಗಿ ಬಂತು. ಸುಳ್ಳು ಬರೆಯುವುದು ಎಷ್ಟು ಸಲೀಸು ಅಂತೀರಿ — ನಿಜ ಬರೆಯುವಾಗ ತಡವರಿಸುವ ಕೈ ಅವತ್ತು ಎಲ್ಲಿಯೂ ನಿಲ್ಲಲಿಲ್ಲ.

ಆಮೇಲೆ ನೀವು ಬರೆದಿರಿ. ತರೀಕೆರೆಯ ಕಡೆಯ ಒಬ್ಬಾಕೆ, ತನ್ನ ಮದುವೆಯಲ್ಲಿ ಅವ್ವನನ್ನು ಹಿತ್ತಲಿನಲ್ಲಿ ಕೂರಿಸಿದ್ದಾಗ ತಾನು ಬಾಯಿಮುಚ್ಚಿಕೊಂಡಿದ್ದೆ ಎಂದು ಮೊದಲ ಸಲ ಹೇಳಿಕೊಂಡರು. ದೇವನೂರಿನ ಟೀಚರೊಬ್ಬರು, 'ಸರೋಜಕ್ಕ, ನಿಮ್ಮ ಬರಹ ಓದಿಕೊಂಡೇ ಹೋಗಿ ನನ್ನ ಮಗಳಿಗೆ ನಾನೇ ಮಡಿಲು ತುಂಬಿದೆ, ಯಾರು ಏನಂದರೂ ಕೇಳಲಿಲ್ಲ' ಎಂದು ಬರೆದರು. ನೀವು ನಿಮ್ಮ ನಿಜವನ್ನು ತಂದು ನನ್ನ ಸುಳ್ಳಿನ ಕೆಳಗಿಟ್ಟಿರಿ. ನಾನು ಒಬ್ಬೊಬ್ಬರಿಗೂ ಕೈಮುಗಿಯುವ ಚಿತ್ರ ಹಾಕುತ್ತ ಕೂತೆ. ನನ್ನಿಂದ ಒಳ್ಳೆಯದೇ ಆಯಿತಲ್ಲ ಎಂದು ಬಹಳ ದಿನ ಸಮಾಧಾನ ಮಾಡಿಕೊಂಡೆ. ಆದ ಒಳ್ಳೆಯದು ನಿಮ್ಮ ಧೈರ್ಯದಿಂದ ಆದದ್ದು. ನನಗೆ ಅದರಲ್ಲಿ ಪಾಲಿಲ್ಲ.

ಇಷ್ಟೇ ಆಗಿದ್ದರೆ ಜಂಬದ ಸುಳ್ಳು ಎಂದು ನಕ್ಕು ಬಿಡಬಹುದಿತ್ತು. ಲತಾ ತನ್ನ ಅವ್ವನಿಗೊಂದು ಮೊಬೈಲು ಕೊಡಿಸಿ ಗುಂಪಿಗೆ ಸೇರಿಸಿದಳು. ಗಿರಿಜಾ ನನ್ನ ಬರಹ ಓದಿದಳು. ನನ್ನನ್ನು ಏನೂ ಕೇಳಲಿಲ್ಲ, ಬೈಯಲಿಲ್ಲ. ಗುಂಪಿನ ನಿಯಮದಂತೆ ತಾನೂ ಒಂದು ಬರೆದು ಕಳಿಸಿದಳು. ಯಾರೇ ಬರೆದರೂ ಮೊದಲು ಅಡ್ಮಿನ್ ಆದ ನನ್ನ ಕಣ್ಣಿಗೆ ಬಿದ್ದು, ನಾನು ಬಿಟ್ಟಮೇಲೆ ನಿಮಗೆ ಕಾಣುವುದಲ್ಲವೇ? ಹಾಗಾಗಿ ಅದನ್ನು ಓದಿದವಳು ನಾನೊಬ್ಬಳೇ. ನಾಲ್ಕೇ ಸಾಲು. 'ಮಗಳ ಮಡಿಲು ತುಂಬುವಾಗ ನಾನು ಉಗ್ರಾಣದಲ್ಲಿದ್ದೆ. ಅಕ್ಕಿ ಆರಿಸಿ ಮೊರಕ್ಕೆ ಹಾಕಿಕೊಟ್ಟವಳು ನಾನೇ. ಬಾಗಿಲು ಎಳೆದಿತ್ತು. ಸಂದಿಯಲ್ಲಿ ಲತಾಳ ಸೀರೆ ಅಂಚು ಮಾತ್ರ ಕಂಡಿತು.'

ನನ್ನ ಹೆಸರಿರಲಿಲ್ಲ. ದೂರೂ ಇರಲಿಲ್ಲ. ಈ ಗುಂಪಿಗೆ ಬಂದ ಬರಹಗಳಲ್ಲೆಲ್ಲ ಅಷ್ಟು ನಿಜವಾದದ್ದು ಇನ್ನೊಂದಿಲ್ಲ. ನಾನು ಅದನ್ನು ಅಳಿಸಿದೆ. ಬೇಲಿಯೇ ಎದ್ದು ಹೊಲ ಮೇಯಿತು.

ತನ್ನ ಬರಹ ಕಾಣದೆ ಗಿರಿಜಾ, ಗುಂಪು ನೋಡಿಕೊಳ್ಳಲು ನನಗೆ ನೆರವಾಗುವ ಶಕುಂತಲಾ ಅವರನ್ನು ಕೇಳಿದ್ದಾಳೆ. ಅವರು ನನಗೆ ಫೋನು ಮಾಡಿದರು — "ಯಾಕಕ್ಕಾ, ನಿಮ್ಮ ಗಿರಿಜಮ್ಮಾರು ಬರ್ದಿದ್ದು ಬರ್ಲೇ ಇಲ್ವಂತೆ?" ಆಗಲಾದರೂ ಹೇಳಬಹುದಿತ್ತು. ನಾನು ಹೇಳಿದ್ದು, "ಅಯ್ಯೋ, ಅವಳ ಮಾತು ಮನಸಿಗೆ ಹಾಕ್ಕೋಬೇಡಿ ಕಣ್ರೀ. ಗಂಡ ಹೋದಾಗಿಂದ ತಲೆ ಅಷ್ಟು ಸರಿಯಿಲ್ಲ. ನಡೀದಿದ್ದನ್ನೆಲ್ಲ ನಡೀತು ಅಂತಾಳೆ." ಎಷ್ಟು ಮರುಗುವ ದನಿಯಲ್ಲಿ ಹೇಳಿದೆನೆಂದರೆ ಶಕುಂತಲಾ 'ಪಾಪ' ಅಂದರು. ಮಾತು ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹೋಯಿತು. ಶಕುಂತಲಾ ಅವರ ತಪ್ಪಲ್ಲ, ಅವರು ನನ್ನನ್ನು ನಂಬಿದ್ದರು.

ಕಡೂರಿನಲ್ಲಿ ನಾವೆಲ್ಲ ಸೇರಿದ್ದೆವಲ್ಲ — ಮೊಬೈಲಿನಲ್ಲೇ ನೋಡಿದ ಮುಖಗಳನ್ನು ಎದುರಿಗೆ ನೋಡಿ ಕುಣಿದಾಡಿದೆವಲ್ಲ — ಅವತ್ತು ಗಿರಿಜಾನೂ ಬಂದಿದ್ದಳು. ನಿಮಗೆಲ್ಲ ಎಂದು ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಮಾಡಿಕೊಂಡು ಬಂದಿದ್ದಳು. ಡಬ್ಬಿ ತಿರುಗಿಬಂದಾಗ ಅರ್ಧಕ್ಕಿಂತ ಹೆಚ್ಚು ಹಾಗೇ ಇತ್ತು. ನಿಮ್ಮಲ್ಲೊಬ್ಬರು ಅವಳ ಕೈ ಹಿಡಿದುಕೊಂಡು, ಮಗುವಿಗೆ ಹೇಳುವ ಹಾಗೆ, "ಗಿರಿಜಮ್ಮಾ, ಮಾತ್ರೆ ಸರಿಯಾಗಿ ತಗೋತಿದೀರಾ?" ಎಂದು ಕೇಳಿದರು. ಕೇಳಿದವರು ಒಳ್ಳೆಯವರೇ. ಗಿರಿಜಾ ನನ್ನ ಕಡೆ ತಿರುಗಿದಳು. ನಾನು ಫೋಟೋ ತೆಗೆಯುವುದರಲ್ಲಿದ್ದೆ — ಇದ್ದಂತೆ ನಟಿಸಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕೂತಳು. ಬೀರೂರು ದಾಟಿತು. ಆಮೇಲೆ ಡಬ್ಬಿಯ ಮುಚ್ಚಳ ಒತ್ತುತ್ತ ಹೇಳಿದಳು: "ಅಕ್ಕ, ಅವತ್ತು ಒಳಗಿರು ಅಂದೆ, ಇದ್ದೆ. ಮಗಳಿಗೆ ಒಳ್ಳೇದಾಗ್ಲಿ ಅಂತ ಇದ್ದೆ. ಈಗ ಯಾರ ಒಳ್ಳೇದಕ್ಕೆ ನನ್ನ ಹುಚ್ಚಿ ಮಾಡ್ದೆ?"

ಊರು ಬಂತು, ಇಳಿದೆವು. ಅದಾದಮೇಲೆ ಅವಳು ಗುಂಪು ಬಿಟ್ಟಳು, ನಮ್ಮ ಮನೆಗೆ ಬರುವುದನ್ನು ಬಿಟ್ಟಳು. ಮೊನ್ನೆ ಲತಾಳ ಸೀಮಂತವಾಯಿತು. ಈ ಸಲ ಗಿರಿಜೆಯನ್ನು ಯಾರೂ ತಡೆಯಲಿಲ್ಲ, ಗಂಡನ ಮನೆಯವರೇ ಕೈಮುಗಿದು ಕರೆದಿದ್ದರಂತೆ. ಅವಳು ಹೋಗಲಿಲ್ಲ. "ತಲೆ ಸರಿಯಿಲ್ದೋಳು ಬಂದ್ಲು ಅಂತ ನನ್ ಮಗಳಿಗೆ ಯಾರೂ ಆಡ್ಕೋಬಾರ್ದು," ಅಂದಳಂತೆ. ಇದನ್ನು ಫೋನಿನಲ್ಲಿ ಹೇಳಿದವಳು ಲತಾ. "ನಿಮ್ಗೆ ತಿಳೀಲಿ ಅಂತ ಹೇಳ್ದೆ ದೊಡ್ಡಮ್ಮ," ಎಂದು ಇಟ್ಟುಬಿಟ್ಟಳು.

ಮಗಳ ಮಡಿಲಿನಿಂದ ಅವಳನ್ನು ನಾನು ಎರಡು ಸಲ ದೂರವಿಟ್ಟೆ. ಮೊದಲನೆಯದಕ್ಕೆ ಶಾಸ್ತ್ರದ ನೆಪವಾದರೂ ಇತ್ತು. ಎರಡನೆಯದು ಪೂರ್ತಿ ನನ್ನದೇ.

ಇವತ್ತಿನಿಂದ ಈ ಗುಂಪನ್ನು ಶಕುಂತಲಾ ನೋಡಿಕೊಳ್ಳುತ್ತಾರೆ. ನಾನು ಬರೆದ ಆ ಮದುವೆಯ ಕಥೆಯನ್ನು ಅಳಿಸಬೇಡಿ ಎಂದು ಅವರಿಗೆ ಹೇಳಿದ್ದೇನೆ, ಅದರ ಪಕ್ಕದಲ್ಲೇ ಇದೂ ಇರಲಿ. ಕೆಳಗೆ ನೀವು ಏನು ಬರೆದರೂ ತೆಗೆಯಲು ಈಗ ನನ್ನ ಕೈಯಲ್ಲಿ ಏನೂ ಇಲ್ಲ. ಬಿಡಿ ಸರೋಜಕ್ಕ, ಆಗಿದ್ದು ಆಯಿತು ಎಂದು ಮಾತ್ರ ಬರೆಯಬೇಡಿ. ಆಗಿದ್ದು ಆಗಿ ಮುಗಿದಿಲ್ಲ, ಗಿರಿಜಾ ಈಗಲೂ ಸಂತೆಗೆ ತಲೆತಗ್ಗಿಸಿಕೊಂಡು ಹೋಗಿಬರುತ್ತಾಳೆ.

ಬರೆಯುವ ಮುಂಚೆ ನಿನ್ನೆ ಅವಳ ಮನೆಗೆ ಹೋಗಿದ್ದೆ. ಎಲ್ಲರಿಗೂ ನಿಜ ಹೇಳುತ್ತೇನೆ, ನಿನ್ನ ಹೆಸರು ಹಾಕಲೇ ಎಂದು ಕೇಳಿದೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದವಳು ತಲೆಯೆತ್ತಲಿಲ್ಲ. ಕೂತುಕೋ ಎನ್ನಲೂ ಇಲ್ಲ. "ಹಾಕು ಅಕ್ಕ. ಆದ್ರೆ ಈ ಸಲ ನನ್ನ ಉಗ್ರಾಣದಿಂದ ಆಚೆ ಕರ್ಕೊಂಡ್ ಬರ್ಬೇಡ. ಎಲ್ಲಿದ್ನೋ ಅಲ್ಲೇ ಬಿಟ್ಟು ಬರಿ."

ಬಿಟ್ಟಿದ್ದೇನೆ, ಗಿರಿಜಾ. ನೀನು ಬರೆದ ನಾಲ್ಕು ಸಾಲಿನಲ್ಲಿ 'ಬಾಗಿಲು ಎಳೆದಿತ್ತು' ಎಂದಷ್ಟೇ ಇತ್ತು. ಯಾರು ಎಳೆದರು ಎಂದು ನೀನು ಬರೆದಿರಲಿಲ್ಲ. ಎಳೆದವಳು ನಾನು.