ಪ್ರೆಷರ್‌ಗೆ ಉಪ್ಪು ಬಿಡಿಸಿದೆವು

ನಿಮ್ಮಕ್ಕ ಊಟದ ತಟ್ಟೆ ಎತ್ತಿ ನಡುಮನೆಯ ಕನ್ನಡಿಗೆ ಬೀಸಿದಾಗ ನಾನು ಒಲೆಯ ಮುಂದಿದ್ದೆ. ಸದ್ದಿಗೆ ಓಡಿ ಬಂದು ನೋಡಿದರೆ, ಚೌಕಟ್ಟಿನಲ್ಲಿ ಒಡೆಯದೆ ಉಳಿದಿದ್ದ ಚೂರನ್ನು ಮುಷ್ಟಿ ಕಟ್ಟಿ ಗುದ್ದುತ್ತಿದ್ದಳು. ಗೋಡೆಯ ಮೇಲೆ ಸಾರು ಇಳಿಯುತ್ತಿತ್ತು, ಅವಳ ಕೈ ಮೇಲೆ ರಕ್ತ ಇಳಿಯುತ್ತಿತ್ತು.

"ಇವತ್ತೂ ಉಪ್ಪಿಲ್ಲ! ಈ ಮನೇಲಿ ಯಾರ್ಗೂ ಕಿವೀನೇ ಇಲ್ವಾ?" ಎಂದು ಕಿರುಚಿದಳು.

ಪಕ್ಕದಲ್ಲಿ ಉಣ್ಣುತ್ತಿದ್ದ ನಿಮ್ಮಪ್ಪ ಎಂಜಲು ಕೈಯಲ್ಲೇ ಎದ್ದು ಅವಳ ಕೆನ್ನೆಗೆ ಬಾರಿಸಿದ. ಅವಳು ತಿರುಗಿ ಅವನಿಗೇ ಹೊಡೆದಳು. ಅವನ ಕಣ್ಣಿನ ಕೆಳಗೆ ಉಗುರು ಗೀರಿತು. ನಮ್ಮ ಮನೆಯಲ್ಲಿ ಏಟು ಹೊಸದಲ್ಲ. ನಿಮ್ಮ ತಾತನ ಕೈಯೂ ಜೋರೇ ಇತ್ತು. ಆದರೆ ಏಟು ತಿಂದವರು ತಿರುಗಿ ಹೊಡೆದದ್ದು ಅವತ್ತೇ ಮೊದಲು.

ನೀವಿಬ್ಬರೂ ಆಗ ನಿಮ್ಮಮ್ಮನ ಜೊತೆ ಅವಳ ತವರು ಕುದೇರಿಗೆ ಹೋಗಿದ್ದಿರಿ. ಬಂದ ಮೇಲೆ ಕನ್ನಡಿ ಎಲ್ಲಿ ಎಂದು ಕೇಳಿದಿರಿ, ಬೆಕ್ಕು ಬೀಳಿಸಿತು ಎಂದೆವು. ಈಗ ನೀವೂ ಕಾಲೇಜಿಗೆ ಹೋಗುವವರು. ನಿಮ್ಮಕ್ಕನೇ "ಬರ್ದಿಡಜ್ಜಿ, ಅವ್ರಿಗೂ ಗೊತ್ತಾಗ್ಲಿ" ಎಂದಳು. ನಾಲ್ಕು ಜನರ ಮುಂದೆ ಬಾಯಿ ಬಿಡಲು ನನಗೆ ಈಗಲೂ ನಾಚಿಕೆ. ಊರಿನ ಶಾಲೆಯಲ್ಲಿ ಕಲಿತ ಅಕ್ಷರ ಇದ್ದದ್ದು ಒಳ್ಳೆಯದಾಯಿತು.

ಉಪ್ಪಿನ ವಿಷಯ ಹೇಳುತ್ತೇನೆ. ಅವಳು ಚಾಮರಾಜನಗರದ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದಳಲ್ಲ, ಆ ವರ್ಷ ಫೋನ್ ಮಾಡಿದಾಗಲೆಲ್ಲ "ತುಂಬಾ ಪ್ರೆಷರ್ ಅಜ್ಜಿ, ನಿದ್ದೆ ಬರಲ್ಲ" ಎನ್ನುತ್ತಿದ್ದಳು. ನಮ್ಮೂರಲ್ಲಿ ಪ್ರೆಷರ್ ಎಂದರೆ ಒಂದೇ. ರಟ್ಟೆಗೆ ಪಟ್ಟಿ ಸುತ್ತಿ, ಗಾಳಿ ಊದಿ ನೋಡುತ್ತಾರಲ್ಲ, ಅದು. ನನಗಿದೆ, ನಿಮ್ಮಪ್ಪನಿಗಿದೆ. ಇಷ್ಟು ಚಿಕ್ಕ ವಯಸ್ಸಿಗೇ ಬಂತಲ್ಲ ಎಂದು ಅತ್ತೆ. ಉಪ್ಪು ಹಾಕದ ಚಟ್ನಿಪುಡಿ ಮಾಡಿ, ಬೆಳ್ಳುಳ್ಳಿ ಕಟ್ಟಿ ಕಳಿಸಿದೆ. ನಿಮ್ಮಪ್ಪ ತಾನು ನುಂಗುವ ಮಾತ್ರೆಯಲ್ಲೇ ಒಂದು ಹಾಳೆ ಕೊಟ್ಟು ಬಂದ. ಮೊದಮೊದಲು ಅವಳು ನಕ್ಕಳು. "ಆ ಪ್ರೆಷರ್ ಅಲ್ಲ ಅಜ್ಜಿ" ಎಂದಳು. ಯಾವ ಪ್ರೆಷರ್ ಆದರೂ ಉಪ್ಪು ಕೆಟ್ಟದ್ದೇ ಕಣಮ್ಮಿ ಎಂದೆ ನಾನು. ಆಮೇಲೆ ಅವಳು ನಗುವುದನ್ನೂ ಬಿಟ್ಟಳು, ಹೇಳುವುದನ್ನೂ ಬಿಟ್ಟಳು. ಪರೀಕ್ಷೆಗೆ ಓದಿಕೊಳ್ಳಲೆಂದು ಮನೆಗೆ ಬಂದಾಗಲೂ ಅವಳಿಗೆಂದು ಬೇರೆ ಸಾರು ಕಾಯಿಸುತ್ತಿದ್ದೆ.

ಕನ್ನಡಿ ಒಡೆದದ್ದು ಶನಿವಾರ. ಸೋಮವಾರದಿಂದ ಪರೀಕ್ಷೆ. ನಿಮ್ಮಪ್ಪ ಕೆನ್ನೆಯ ಗೀರು ಒರೆಸಿಕೊಂಡು ಹೇಳಿದ, "ಪರೀಕ್ಸೇನೂ ಬ್ಯಾಡ, ಕಾಲೇಜೂ ಬ್ಯಾಡ. ಇವ್ಳಿಗೆ ಗಾಳಿ ಮೆಟ್ಕಂಡದೆ. ಬ್ಯಾವಿನ್ ಸೊಪ್ಪಲ್ಲಿ ಬಡ್ಸಿದ್ರೆ ಸರಿ ಓಯ್ತಳೆ." ಮಾತಿಗೆ ಹೇಳಿದ್ದಲ್ಲ. ದೆವ್ವ ಬಿಡಿಸಲು ಬಡಿಯುವವನಿಗೆ ಆಗಲೇ ಫೋನ್ ಮಾಡಿಬಿಟ್ಟ. ಅವನು ಭಾನುವಾರ ಸಂಜೆ ಬರುವುದಾಗಿ ಹೇಳಿದ.

ಭಾನುವಾರ ಬೆಳಿಗ್ಗೆ ನಿಮ್ಮಕ್ಕ ಗಾಯದ ಕೈಗೆ ಬಟ್ಟೆ ಸುತ್ತಿಕೊಂಡು ಗೋಡೆ ನೋಡುತ್ತಾ ಕುಳಿತಿದ್ದಳು. ಹಿತ್ತಿಲ ಕಣದಲ್ಲಿ ಹುರುಳಿ ಒಣಗಿತ್ತು. ಮಾರುವ ಹುರುಳಿಯನ್ನು ಈಗ ಎಲ್ಲರೂ ಟಾರು ರಸ್ತೆಗೆ ಹರಡುತ್ತಾರೆ, ಬಸ್ಸು ಲಾರಿ ತುಳಿದು ಹೋಗುತ್ತವೆ. ಮನೆಗೆ ಉಣ್ಣುವಷ್ಟನ್ನು ಮಾತ್ರ ಕಲ್ಲು ಸೇರದಂತೆ ನಾವು ಕೋಲಿನಲ್ಲಿ ಬಡಿಯುತ್ತೇವೆ. ಆ ಬಡಿತಕ್ಕೆ ಹೆಂಗಸರಲ್ಲಿ ಒಂದು ಪದ್ಧತಿಯಿತ್ತು. ನನ್ನ ಅತ್ತೆ ಕಲಿಸಿದ್ದು. ಏಟು ಏಟಿಗೂ ಒಬ್ಬೊಬ್ಬರನ್ನು ಬೈಯಬಹುದು. ಗಂಡ, ಅತ್ತೆ, ಊರಗೌಡ, ಯಾರನ್ನು ಬೇಕಾದರೂ. ಆದರೆ ಕಣದ ಬೈಗುಳ ಕಣದಲ್ಲೇ ಉಳಿಯಬೇಕು. ಯಾರೂ ಅದನ್ನು ಮನೆಗೆ ತರುವಂತಿಲ್ಲ, ಕೇಳಿಸಿಕೊಂಡವರು ಕೈ ಎತ್ತುವಂತಿಲ್ಲ. ನಿಮ್ಮ ತಾತನನ್ನು ನಾನು ವರ್ಷಕ್ಕೊಮ್ಮೆ ಅಲ್ಲಿ ಚೆನ್ನಾಗಿ ಬಡಿದಿದ್ದೇನೆ.

"ಬಾ ಕಣಮ್ಮಿ, ಬಡಿಯಾಕೆ" ಎಂದೆ. ಬಂದಳು.

ಮೊದಲು ಎಡಗೈಯಲ್ಲಿ ಸುಮ್ಮನೆ ತಟ್ಟಿದಳು. ನಾನು ತೋರಿಸಿದೆ. "ಉಪ್ ಬುಡ್ಸಿದ್ ನಿಮ್ಮಜ್ಜೀಗೆ ಒಂದು!" ಎಂದು ಕೋಲು ಬೀಸಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಕೋಲು ಹಿಡಿದಳು.

"ಕನ್ನಡ ಮೀಡಿಯಮ್ಮಾ ಅಂತ ನಗ್ತವಲ್ಲ, ಆ ಬೆಂಚ್ನೋರ್ಗೆ!" ಧಡ್. "ರೆಕಾರ್ಡ್ ಬುಕ್ಕ ಮುಖಕ್ಕೆ ಎಸ್ದನಲ್ಲ, ಆ ಲ್ಯಾಬ್ ಮೇಷ್ಟ್ರಿಗೆ!" ಧಡ್. ಹುರುಳಿ ಸಿಡಿದು ನನ್ನ ಮುಖಕ್ಕೆ ಚುಚ್ಚಿತು. ಕೈಗೆ ಸುತ್ತಿದ್ದ ಬಟ್ಟೆ ಕೆಂಪಾಯಿತು. ಸಾಕು ಎಂದರೂ ನಿಲ್ಲಿಸಲಿಲ್ಲ. ಅವಳು ಬಡಿಯುತ್ತಿದ್ದದ್ದು ಹುರುಳಿಯನ್ನಲ್ಲ. ಕೊಲ್ಲುವವರ ಹಾಗೆ ಹಲ್ಲು ಕಚ್ಚಿ ಬಡಿಯುತ್ತಿದ್ದಳು. ನನಗೇ ಭಯವಾಯಿತು.

"ನಮ್ಮಪ್ಪಂಗೆ! ದಿನಾ ಫೋನ್ ಮಾಡಿ, ಮನೆ ನಿನ್ ಮ್ಯಾಲೇ ನಿಂತದೆ ಅಂತನಲ್ಲ, ಅವ್ನ್ಗೆ! ಅವ್ನ್ ತಲೆಗೆ!"

ಅದು ನಿಮ್ಮಪ್ಪನಿಗೆ ಕೇಳಿಸಿತು. ಬಾಗಿಲಿನಿಂದ ನುಗ್ಗಿ ಬಂದವನೇ ಹಿಂದಿನಿಂದ ಅವಳ ಜಡೆ ಹಿಡಿದು ಎಳೆದ. ಅವಳು ಹುರುಳಿ ಮೇಲೆ ಮಂಡಿಯೂರಿ ಬಿದ್ದಳು. "ಅಪ್ಪನ್ ತಲೇಗಾ? ಅಪ್ಪನ್ ತಲೇಗಾ?" ಎನ್ನುತ್ತಾ ಇನ್ನೊಂದು ಕೈ ಎತ್ತಿದ.

ನಾನು ಹೊಡೆದೆ. ನನ್ನ ಕೈಯಲ್ಲಿದ್ದ ಕೋಲಿನಿಂದ, ಅವನ ಮೊಣಕಾಲಿನ ಕೆಳಗೆ, ಮೂಳೆಗೆ. ಅವನು ಮಗುವಾಗಿದ್ದಾಗಲೂ ನಾನು ಅವನಿಗೆ ಹೊಡೆದವಳಲ್ಲ. ಅವನು ಜಡೆ ಬಿಟ್ಟು ಕೂತುಬಿಟ್ಟ.

"ಕಣದಲ್ ಬೈದದ್ಕೆ ಕೈ ಎತ್ತಂಗಿಲ್ಲ ಕಣ್ಲಾ! ಅವ್ಳು ಬೈಯ್ಲಿ. ನೀನು ಕೇಳ್ಕ" ಎಂದೆ. ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ನಿಂತಿದ್ದರು. ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಬೇಕೆನಿಸಿತು, ಕೋಲು ಮಾತ್ರ ಬಿಡಲಿಲ್ಲ.

ನಿಮ್ಮಕ್ಕ ಬಿದ್ದಲ್ಲೇ ಕುಳಿತು ಕೂದಲು ಸರಿಸಿ ತೋರಿಸಿದಳು. ಉದ್ದಕ್ಕೆ ಒಂದು ಗಾಯದ ಗೆರೆ. "ನೀ ಹಿಡ್ಕಂಡಿದ್ಯಲ್ಲಪ್ಪ, ಅಲ್ಲೇ. ನಿನ್ ಮಾತ್ರೆ ಒಂದ್ ದಿನ ನುಂಗ್ದೆ. ಲ್ಯಾಬಲ್ಲಿ ತಲೆ ಸುತ್ತಿ ಬಿದ್ದೆ, ಮೇಜಿನ್ ಮೂಲೆ ಹೊಡೀತು. ಹೇಳಿದ್ರೆ ಇನ್ನೊಂದ್ ಮಾತ್ರೆ ಕೊಡ್ತಿದ್ದೆ ನೀನು."

ಅವನು ಆ ಗೆರೆಯನ್ನೇ ನೋಡಿದ. "ಮತ್ತೆ ಪ್ರೆಷರ್ ಅಂದ್ಯಲ್ಲಮ್ಮಿ?"

"ಸಂತೆ ದಿನ ಗುಂಡ್ಲುಪೇಟೆ ಬಸ್ಸಲ್ಲಿ ನಿಂತ್ಕಂಡ್ ಬತ್ತೀಯಲ್ಲ. ಮುಂದ್ಲೋರೂ ನೂಕ್ತರೆ, ಹಿಂದ್ಲೋರೂ ನೂಕ್ತರೆ. ಉಸ್ರು ಎಳ್ಯಕ್ಕಾಗಲ್ಲ, ಇಳ್ಯಕ್ಕೂ ಆಗಲ್ಲ. ಹಂಗೆ. ಮಲ್ಗಿದ್ರೂ ಹಂಗೆ. ಸತ್ರೆ ಇಳೀಬೋದು ಅನ್ಸುತ್ತೆ ಒಂದೊಂದ್ ಸಲ."

ಬೇಲಿಯ ಹತ್ತಿರ ಇದ್ದವರು ಹೊರಟುಹೋದರು. ನಿಮ್ಮಪ್ಪ ಫೋನ್ ತೆಗೆದು ಬಡಿಯುವವನಿಗೆ ಹೇಳಿದ, "ಬರ್ಬ್ಯಾಡಿ. ಗಾಳಿ ನಂಗೇ ಮೆಟ್ಕಂಡಿತ್ತು." ತಪ್ಪಾಯಿತು ಎಂದು ಅವಳಿಗೆ ಹೇಳಲಿಲ್ಲ. ಅವನಿಗೆ ಆ ಮಾತು ಬರುವುದಿಲ್ಲ. ಸಂಜೆ ಕುಂಟುತ್ತಾ ಅವಳ ಚೀಲ ಹೊತ್ತು ಬಸ್ಸಿಗೆ ಬಂದ. ಹತ್ತಿಸುವ ಮೊದಲು "ಇನ್ಮ್ಯಾಕ್ ಫೋನ್ ಮಾಡಾದಾ ಬ್ಯಾಡ್ವಾ?" ಎಂದು ಕೇಳಿದ.

"ಮಾಡು. ಓದು, ಮಾರ್ಕ್ಸು ಬುಟ್ಟು ಬ್ಯಾರೆ ಏನಾರ ಕೇಳು."

ಕೋಲು ಹಿಡಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ, ಮಕ್ಕಳೇ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಅವಳು ಆ ಪರೀಕ್ಷೆಯಲ್ಲಿ ಒಂದು ವಿಷಯ ಫೇಲಾದಳು. ಕಾಲೇಜಿನಲ್ಲಿ ಮಕ್ಕಳ ಸಂಕಟ ಕೇಳಲೆಂದೇ ಒಬ್ಬ ಮೇಡಂ ಇದ್ದರಂತೆ. ಅವರ ಹತ್ತಿರ ತಿಂಗಳುಗಟ್ಟಲೆ ಹೋದಳು. ಈಗಲೂ ಒಮ್ಮೊಮ್ಮೆ ನಿದ್ದೆ ಬರುವುದಿಲ್ಲ ಎನ್ನುತ್ತಾಳೆ. ಆಗ ನಾನು ಏನೂ ಕಟ್ಟಿ ಕಳಿಸುವುದಿಲ್ಲ. ಹೇಳು ಎನ್ನುತ್ತೇನೆ.

ಆ ಸೋಮವಾರ ಪರೀಕ್ಷೆ ಮುಗಿಯುವ ಹೊತ್ತಿಗೆ ನಿಮ್ಮಪ್ಪ ಕೆಲಸ ಬಿಟ್ಟು ಬೇಗ ಬಂದು ಜಗುಲಿಯಲ್ಲಿ ಕುಳಿತು ಫೋನ್ ಮಾಡಿದ. ಅವಳು ಹಲೋ ಎಂದಳು. ಇವನಿಗೆ ಏನು ಕೇಳುವುದೆಂದೇ ತೋಚಲಿಲ್ಲ. ಕಾಲು ನೀವಿಕೊಂಡ, ಆಕಾಶ ನೋಡಿದ. ಒಂದು ಮೋಡವೂ ಇರಲಿಲ್ಲ.

"ಅಲ್ಲಿ ಮಳೆ ಬಂತಾ ಕಣಮ್ಮಿ?" ಎಂದ.

ಹುರುಳಿ ಒಣಗುವ ಕಾಲದಲ್ಲಿ ಎಲ್ಲಿಯ ಮಳೆ? ಆ ಕಡೆಯಿಂದ ಅವಳು ನಕ್ಕದ್ದು ಒಳಗೆ ಕುಳಿತಿದ್ದ ನನಗೂ ಕೇಳಿಸಿತು.