ಎಡಗೈಯ ದಿಕ್ಕು

ಕಪಾಟು ಖಾಲಿ ಮಾಡುವಾಗ ಸಿಕ್ಕಿದ ಹಳೆಯ ಅಟ್ಲಾಸನ್ನು ಮೊನ್ನೆ ಬಿಡಿಸಿದೆ. ಪುಟಗಳ ನಡುವಿನಿಂದ ಕಮಟು ಹಿಡಿದ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಅದು ನನ್ನ ಬಳಿ ಇದ್ದು ಎಷ್ಟೋ ವರ್ಷವಾಗಿತ್ತು. ಒಮ್ಮೆಯೂ ತೆರೆದಿರಲಿಲ್ಲ. ತೆರೆಯದಿರಲು ಕಾರಣವಿತ್ತು...

ಆ ಅಟ್ಲಾಸ್ ನಮ್ಮ ಭೂಗೋಳದ ಮಿಸ್ ಅವರದು. ತೊಂಬತ್ತರ ದಶಕದಲ್ಲಿ ಅವರು ನಂಜನಗೂಡಿನ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದರು. ನಾನು ಓದುತ್ತಿದ್ದ ಹೈಸ್ಕೂಲಿನಲ್ಲೇ ಭೂಗೋಳ ಪಾಠ ಮಾಡುತ್ತಿದ್ದರು. ಅವರ ಊರು ಟಿ. ನರಸೀಪುರದ ಹತ್ತಿರದ ಒಂದು ಹಳ್ಳಿ. ಅಲ್ಲಿ ಅವರ ಅವ್ವ ತಾವೇ ನಿಂತು ಭತ್ತದ ಗದ್ದೆ ಮಾಡಿಸುತ್ತಿದ್ದರು.

ಶಾಲೆ ಮುಗಿಸಿ ಬರುವಾಗ ಮಿಸ್ ಸ್ಟಾಫ್ ರೂಮಿನ ಇಂಗ್ಲಿಷ್ ಪತ್ರಿಕೆಯನ್ನು ಕೇಳಿ ತರುತ್ತಿದ್ದರು. ಅದರ ಮೂಲೆಯಲ್ಲಿ ಅಂಗೈಯಗಲದ ಹವಾಮಾನ ನಕ್ಷೆ ಇರುತ್ತಿತ್ತು. ತೆಳು ಹಾಳೆಗೆ ಕೊಬ್ಬರಿ ಎಣ್ಣೆ ಸವರಿ, ಒಗೆದ ಬಟ್ಟೆಯ ಹಾಗೆ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿದರೆ ಅದು ಆಚೆಯದು ಕಾಣುವಷ್ಟು ತಿಳಿಯಾಗುತ್ತಿತ್ತು. ಆ ಹಾಳೆಯನ್ನು ನಕ್ಷೆಯ ಮೇಲಿಟ್ಟು ಗೆರೆಗಳನ್ನು ತೆಗೆಯುತ್ತಿದ್ದರು. ಹಾಳೆ ಜಾರದಂತೆ ಮೂಲೆ ಹಿಡಿದುಕೊಳ್ಳುವುದು ನನ್ನ ಕೆಲಸ. ಗಾಳಿಯ ಭಾರ ಒಂದೇ ಇರುವ ಊರುಗಳನ್ನೆಲ್ಲ ಒಂದು ಗೆರೆ ಸೇರಿಸುತ್ತದೆ, ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಗಾಳಿ ಜೋರು, ಗೆರೆ ಸುತ್ತಿಕೊಂಡು ಒಳಗೊಳಗೆ ಭಾರ ಇಳಿಯುತ್ತಾ ಹೋದರೆ ಅದೇ ಮಳೆ ತರುವ ಕುಸಿತ, ಎಂದು ಹೇಳಿಕೊಡುತ್ತಿದ್ದರು. ನಿನ್ನೆಯ ಹಾಳೆಯನ್ನು ಇಂದಿನದರ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಕುಸಿತ ಎಷ್ಟು ಸರಿದಿದೆ, ಎತ್ತ ಸರಿದಿದೆ ಎಂಬುದು ಕಾಣುತ್ತಿತ್ತು. ಅದು ನಾಳೆ ಎಲ್ಲಿರಬಹುದೆಂದು ಮಿಸ್ ಚುಕ್ಕೆ ಇಡುತ್ತಿದ್ದರು. ಮರುದಿನ ಚುಕ್ಕೆ ಸರಿಹೋದರೆ ಏನೂ ಹೇಳುತ್ತಿರಲಿಲ್ಲ, ಕಾಫಿಗೆ ಮಾತ್ರ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿಕೊಳ್ಳುತ್ತಿದ್ದರು.

ಒಮ್ಮೆ ನಾನು ಎಳೆದ ಎರಡು ಗೆರೆಗಳು ಒಂದನ್ನೊಂದು ದಾಟಿದ್ದವು. ಮಿಸ್ ರಬ್ಬರ್ ಕೊಟ್ಟು ಹೇಳಿದರು: "ಗೆರೆ ಗೆರೆ ಕಡೀಬಾರ್ದು ಮರಿ. ಕಡಿದ್ರೆ ಯಾವ್ದೋ ಊರಿನೋರು ಸುಳ್ಳು ಅಂಕಿ ಕಳ್ಸಿದಾರೆ ಅಂತ."

ನಮ್ಮ ಅಜ್ಜಿಗೆ ಇದೆಲ್ಲ ತಮಾಷೆ. ರೇಡಿಯೋದಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಸುದ್ದಿ ಬಂದರೆ ಕೆಳಗಿನಿಂದಲೇ ಕೂಗುತ್ತಿದ್ದರು: "ವಾಯು ಇಳೀತಂತೆ ಕಣಮ್ಮ ಮೇಡಮ್ಮು, ಒಳ್ಳೇದೇ ಆಯ್ತು ಬುಡು. ನಂಗೂ ಶುಂಠಿ ಕಷಾಯ ಕುಡುದ್ರೆ ಇಳೀತದೆ." ಮಿಸ್ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ನಕ್ಷೆ ಇಲ್ಲದ ದಿನಕ್ಕೂ ಅವರ ಬಳಿ ಒಂದು ಉಪಾಯವಿತ್ತು. ತಾರಸಿಯ ಮೇಲೆ ನಿಲ್ಲಬೇಕು. ಮನೆಗಳ ಸಂದಿಯ ಗಾಳಿಯನ್ನು ನಂಬಬಾರದು, ಕೆಳಮಟ್ಟದ ಮೋಡ ಎತ್ತಲಿಂದ ಬರುತ್ತಿದೆ ನೋಡಬೇಕು. ಅತ್ತ ಬೆನ್ನು ಕೊಟ್ಟು ಎಡಗೈ ಚಾಚಬೇಕು. ಕೈ ತೋರಿಸಿದ ಕಡೆ ಎಲ್ಲೋ ದೂರದಲ್ಲಿ ಕುಸಿತವಿರುತ್ತದೆ. ನಾವಿಬ್ಬರೂ ಎಷ್ಟೋ ಸಂಜೆ ಹಾಗೆ ಎಡಗೈ ಚಾಚಿಕೊಂಡು ನಿಂತಿದ್ದೇವೆ. ಅಜ್ಜಿ ನೋಡಿದರೆ ಮಾತ್ರ ಬಯ್ಯುತ್ತಿದ್ದರು. ಎಡಗೈಯಲ್ಲಿ ಕೊಡಬಾರದು, ತೆಗೆದುಕೊಳ್ಳಬಾರದು, ದಿಕ್ಕನ್ನಂತೂ ತೋರಿಸಲೇಬಾರದು ಎಂಬುದು ಅವರ ಕಟ್ಟಳೆ. ಅಜ್ಜಿಯ ಮೆಟ್ಟಿಲ ಸದ್ದು ಕೇಳಿದರೆ ನನ್ನ ಕೈ ತಾನಾಗಿಯೇ ಕೆಳಗಿಳಿಯುತ್ತಿತ್ತು.

ನಾನು ಹತ್ತನೇ ತರಗತಿಯಲ್ಲಿದ್ದ ವರ್ಷ, ಭತ್ತ ಕೊಯ್ಲಿಗೆ ಬಂದ ಕಾಲದಲ್ಲಿ, ಮಿಸ್ ಮೂರು ದಿನದ ತರಬೇತಿಗೆಂದು ಮೈಸೂರಿಗೆ ಹೋದರು. ಕೊಯ್ಲಿಗೆ ಮುಂಚೆ ಅವರ ಅವ್ವ ನಮ್ಮ ಮನೆಗೆ ಫೋನ್ ಮಾಡಿ ಮಗಳನ್ನು ಕೇಳುವುದು ರೂಢಿ. ಹಿಂದಿನ ವರ್ಷ ಮಗಳ ಮಾತಿನಂತೆ ನಾಲ್ಕು ದಿನ ತಡೆದು ಭತ್ತ ಉಳಿಸಿಕೊಂಡಿದ್ದರು. ಹೊರಡುವಾಗ ಮಿಸ್ ನನ್ನನ್ನು ಕರೆದು, ಅವ್ವ ಫೋನ್ ಮಾಡಿದರೆ ನೀನೇ ನೋಡಿ ಹೇಳು ಎಂದರು. ಕೈ ಆಗ್ನೇಯಕ್ಕೆ, ಚಾಮರಾಜನಗರದ ಕಡೆಗೆ ಹೋದರೆ ಸಮುದ್ರದಲ್ಲಿ ಕುಸಿತವಿದೆ, ಕುಯ್ಯಿಸುವುದು ಬೇಡ. ಅದಕ್ಕೆದುರು, ಹುಣಸೂರಿನ ಕಡೆಗೆ ಹೋದರೆ ಭಯವಿಲ್ಲ. ಅಷ್ಟು ದೊಡ್ಡ ಕೆಲಸವನ್ನು ನನಗೆ ಯಾರೂ ವಹಿಸಿರಲಿಲ್ಲ.

ಮರುದಿನ ಮಧ್ಯಾಹ್ನವೇ ಫೋನ್ ಬಂತು. "ಏನವ್ವಾ, ನಮ್ ಮಗಳ ಗೀಟು ಏನೇಳ್ತದೆ? ಆಳು ಸಿಕ್ಕವ್ರೆ, ನಾಳೀಕೆ ಕುಯ್ಸನಾ?"

ಒಂದು ನಿಮಿಷ ಎಂದು ಹೇಳಿ ತಾರಸಿಗೆ ಓಡಿದೆ. ಅಜ್ಜಿ ಅಲ್ಲಿ ಸಂಡಿಗೆ ಕಾಯುತ್ತಾ ಕೂತಿದ್ದರು. ಬಿಸಿಲೇನೋ ಇತ್ತು. ಬಿಡಿಬಿಡಿಯಾದ ಮೋಡಗಳು ಈಶಾನ್ಯದಿಂದ ಬರುತ್ತಿದ್ದವು. ಅತ್ತ ಬೆನ್ನು ಕೊಟ್ಟೆ. ಅಜ್ಜಿ ನನ್ನನ್ನೇ ನೋಡುತ್ತಿದ್ದರು. ನಾನು ಕೈ ಚಾಚಿದೆ... ಕೈ ಹುಣಸೂರಿನ ಕಡೆಗಿತ್ತು. ಇಳಿದು ಬಂದು, ಕುಯ್ಯಿಸಿ ಅವ್ವ ಎಂದೆ.

ಅದಾದ ಎರಡನೆಯ ಸಂಜೆ ಹನಿ ಶುರುವಾಯಿತು. ಓಡಿಹೋಗಿ ತಂತಿಯ ಮೇಲಿನ ಬಟ್ಟೆ ಎಳೆಯುತ್ತಿದ್ದಾಗ, ಬಲಗೈ ಮೇಲೆತ್ತಿದ ಆ ಗಳಿಗೆಯಲ್ಲಿ, ನಾನು ಮಾಡಿದ್ದು ಹೊಳೆಯಿತು. ಮಳೆ ಮೂರು ದಿನ ಬಿಡಲಿಲ್ಲ.

ಮಿಸ್ ಊರಿಗೆ ಹೋಗಿ ಬಂದರು. ಕೊಯ್ದು ಹಾಕಿದ್ದ ಭತ್ತ ಗದ್ದೆಯಲ್ಲೇ ಮೊಳಕೆಯೊಡೆದಿತ್ತು. ಇದನ್ನು ಅವರು ನನಗೆ ಹೇಳಲಿಲ್ಲ, ಅಮ್ಮನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ನನ್ನನ್ನು ಕೋಣೆಗೆ ಕರೆದು, ಮೋಡಕ್ಕೆ ಬೆನ್ನು ಕೊಟ್ಟಿದ್ದೆಯಾ ಎಂದು ಮೆಲ್ಲಗೆ ಕೇಳಿದರು. ಹೌದು ಎಂದೆ.

"ಎಡಗೈ ತಾನೆ?"

"ಹೌದು ಮಿಸ್."

ಅವರು ನನ್ನ ಮುಖ ನೋಡಿದರು. ಆಮೇಲೆ, "ಸರಿ, ಹೋಗಿ ಓದ್ಕೋ" ಎಂದರು.

ಗೆರೆಗಳೇನೂ ನಿಲ್ಲಲಿಲ್ಲ. ಸಂಜೆ ಹಗ್ಗದ ಮೇಲೆ ಎಣ್ಣೆ ಹಾಳೆ ತೂಗುತ್ತಲೇ ಇತ್ತು. ನನ್ನನ್ನು ಮಾತ್ರ ಕರೆಯಲಿಲ್ಲ. ಮೂಲೆ ಹಿಡಿಯಲು ಎರಡು ಕಲ್ಲು ತಂದಿಟ್ಟುಕೊಂಡಿದ್ದರು. ನಾನು ಎಷ್ಟೋ ಸಲ ಅರ್ಧ ಮೆಟ್ಟಿಲು ಹತ್ತಿ ನಿಂತೆ. ಒಂದು ಮಾತು, ಬಲಗೈ ಮಿಸ್ ಎನ್ನುವ ಎರಡೇ ಪದ... ಬೇಸಿಗೆ ಬಂತು. ಅವರಿಗೆ ನರಸೀಪುರದ ಕಡೆ ವರ್ಗವಾಯಿತು. ಹೋಗುವಾಗ ಅಟ್ಲಾಸನ್ನು ನನ್ನ ಕೈಗೆ ಕೊಟ್ಟರು. ಎರಡೂ ಕೈಯಲ್ಲಿ ತೆಗೆದುಕೊಂಡೆ.

ಆ ಮಾತನ್ನು ಹೇಳಲೆಂದು ನಾನು ಹೊರಟಿದ್ದು ಎಂ.ಎಸ್ಸಿ. ಮುಗಿಸಿದ ಮೇಲೆ. ಮೈಸೂರಿನಿಂದ ನರಸೀಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿಕೊಂಡೆ. ಮನೆಯ ಜಗಲಿಯಲ್ಲಿ ಅವ್ವ ಅವರೆಕಾಯಿ ಸುಲಿಯುತ್ತಿದ್ದರು. ಯಾರೆಂದು ಹೇಳಿದೆ. ಮಿಸ್ ಕಾಯಿಲೆಯಾಗಿ ತೀರಿಕೊಂಡು ಎರಡು ವರ್ಷವಾಗಿತ್ತು.

ಬಹಳ ಹೊತ್ತು ಇಬ್ಬರೂ ಕಾಯಿ ಸುಲಿದೆವು. ಕೊನೆಗೆ ಅವ್ವ ಅಂದರು: "ಫೋನ್ನಲ್ಲಿ ಕುಯ್ಸಿ ಅಂದ್ಯಲ್ಲ, ಆ ಮಗು ನೀನೇ ಅಲ್ವಾ? ನಾನು ನಿನ್ನ ಬೈಯಕ್ಕೋದ್ರೆ ಅವ್ಳು ಬುಡ್ತಿರ್ನಿಲ್ಲ ಕಣವ್ವಾ. ಆ ಮಗು ಅದಾಗೇ ಬಂದು ಹೇಳ್ತದೆ, ತಡಿಯವ್ವಾ ಅನ್ನೋಳು. ಏನ ಹೇಳಾದು ಅಂತ ನಾನೂ ಕೇಳ್ನಿಲ್ಲ."

ಆಗ ಹೇಳಿದೆ. ಎಡಗೈ ಚಾಚಬೇಕಿತ್ತು ಅವ್ವ, ನಾನು ಬಲಗೈ ಚಾಚಿದ್ದೆ ಎಂದೆ.

ಅವ್ವ ನನ್ನ ಎರಡೂ ಕೈಗಳನ್ನು ನೋಡಿದರು. "ಕೈ ಯಾವ್ದಾದ್ರೇನವ್ವಾ," ಎಂದರು, "ಬರೋ ಮಳೆ ಬತ್ತದೆ." ಸುಲಿದ ಕಾಳನ್ನು ಮೊರದಿಂದ ಪಾತ್ರೆಗೆ ಸುರಿದುಕೊಂಡು, ಊಟ ಮಾಡಿಕೊಂಡು ಹೋಗು ಎಂದು ಒಳಗೆ ಹೋದರು. ಆ ಕ್ಷಮೆ ದೊಡ್ಡದೇ. ಆದರೆ ಕೊಡಬೇಕಾದವರು ಕೊಟ್ಟದ್ದಲ್ಲ.

ಮೊನ್ನೆ ತೆರೆದ ಅಟ್ಲಾಸಿನಲ್ಲಿ ಎಣ್ಣೆ ಹಾಳೆಗಳು ಎರಡಿದ್ದವು. ತಾರೀಖು ನೋಡಿದೆ. ಆ ತರಬೇತಿಯ ದಿನಗಳವು. ವಾಪಸು ಬಂದ ಮೇಲೆ ಮಿಸ್ ಹಳೆಯ ಪತ್ರಿಕೆ ಹುಡುಕಿ ಗೆರೆ ತೆಗೆದಿದ್ದಿರಬೇಕು. ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದೆ. ತಮಿಳುನಾಡಿನ ಕರಾವಳಿಯಾಚೆ ಕುಸಿತ, ಎರಡನೆಯ ಹಾಳೆಯಲ್ಲಿ ಒಂದು ಬೆರಳಿನಷ್ಟು ನಮ್ಮ ಕಡೆಗೆ. ಒಂದು ಗೆರೆಯೂ ಇನ್ನೊಂದನ್ನು ಕಡಿದಿರಲಿಲ್ಲ.

ಅದೇ ತಾರಸಿಗೆ ಹೋದೆ. ಈಗ ಅಲ್ಲಿ ಸಂಡಿಗೆ ಇಡುವವರಿಲ್ಲ, ಬಯ್ಯುವವರೂ ಇಲ್ಲ. ಕೆಳಮಟ್ಟದ ಮೋಡಗಳು ಈಶಾನ್ಯದಿಂದಲೇ ಬರುತ್ತಿದ್ದವು. ಬೆನ್ನು ಕೊಟ್ಟು ನಿಂತು ಎಡಗೈ ಚಾಚಿದೆ. ಕೈ ಚಾಮರಾಜನಗರದ ಕಡೆಗಿತ್ತು. ಕುಯ್ಯಿಸಬೇಡಿ ಅವ್ವ, ಎಂದು ಮೆಲ್ಲಗೆ ಅಂದೆ. ಕೈ ಸೋಲುವವರೆಗೂ ಹಾಗೇ ನಿಂತಿದ್ದೆ...