ಹೊಟ್ಟಿ ತುಂಬಿದ ಕೌದಿ

ಮೇ ತಿಂಗಳ ನಡು ಮಧ್ಯಾಹ್ನ ಅರಿವೆ ಅಂಗಡಿಗೆ ಹೋಗಿ ಸ್ವೆಟರ್ ಕೇಳುವವರು ಊರಿಗೆ ಒಬ್ಬರಾದರೂ ಇರುತ್ತಾರೆ. ರೋಣದಲ್ಲಿ ಆ ಒಬ್ಬಳು ನಾನು. ಅಂಗಡಿಯವನು ನನ್ನ ಮುಖ ನೋಡಿದ, ಹೊರಗಿನ ಬಿಸಿಲು ನೋಡಿದ, ಮತ್ತೆ ನನ್ನ ಮುಖ ನೋಡಿದ.

"ಟೀಚರ್ರ, ಮನ್ಯಾಗ ಯಾರಿಗರ ಥಂಡಿ ಜ್ವರ ಬಂದಾವೇನ್ರಿ?"

"ಇಲ್ರಿ. ದೀಪಾವಳಿ ಆದಮ್ಯಾಲೆ ಬರತೈತೆಲ್ಲ, ಆ ಥಂಡಿಗೆ ಬೇಕಾಗಿತ್ತು."

ಅವನು ನಗುತ್ತ ಅಟ್ಟದ ಮೇಲಿನಿಂದ ಹೋದ ವರ್ಷದ ಗಂಟೊಂದನ್ನು ಕೆಡವಿದ. ಧೂಳಿನ ಜೊತೆಗೆ, ನುಸಿ ಹತ್ತದಿರಲೆಂದು ಇಟ್ಟ ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಮಕ್ಕಳಿಬ್ಬರಿಗೂ ಒಂದೊಂದು ಅಳತೆ ದೊಡ್ಡದನ್ನೇ ಆರಿಸಿ ಅರ್ಧ ರೇಟಿಗೆ ತಂದೆ. ನವೆಂಬರಿನಲ್ಲಿ ಇದೇ ಮನುಷ್ಯ ಇದೇ ಸ್ವೆಟರಿಗೆ ನನ್ನ ಜೋಡಿ ಚೌಕಾಶಿಗೇ ನಿಲ್ಲುವುದಿಲ್ಲ. ನನ್ನ ಈ ಚಟ ನೋಡಿ ಮನೆಯವರು "ನಮ್ಮ ಮನ್ಯಾಗ ಕ್ಯಾಲೆಂಡರ್ ಆರು ತಿಂಗಳು ಮುಂದ ಓಡತೈತಿ" ಎಂದು ಬಂದವರ ಮುಂದೆಲ್ಲ ಹೇಳುತ್ತಾರೆ. ಹೇಳಲಿ. ಜೂನ್ ಬಂದಾಗ ನೋಟ್‌ಬುಕ್ ಅಂಗಡಿಯ ಮುಂದೆ ಪಾಳಿ ಹಚ್ಚಿ ಬೆವರುವವರು ನಾವಲ್ಲ. ನಮ್ಮ ಎರಡೂ ಮನೆತನದಲ್ಲಿ ಡಿಗ್ರಿ ಪಾಸಾದವಳು ನಾನೇ ಮೊದಲು. ಕಷ್ಟಪಟ್ಟು ಪಾಸಾಗಿದ್ದೇನೆ, ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಈ ಮುಂಚಿತ ತಯಾರಿಯನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ಅದು ಡಾಂಬರ ಗುಳಿಗೆಯ ವಾಸನೆ ಹೊಡೆಯುತ್ತಿದ್ದ ನಮ್ಮವ್ವನ ಟ್ರಂಕಿನಿಂದ ಬಂದದ್ದು.

ನಮ್ಮೂರು ಮುಶಿಗೇರಿಯ ಆಚೆ. ಮಳೆಯನ್ನೇ ನಂಬಿದ ಹೊಲ. ಜೋಳ, ಕಡಲೆ ಮನೆಗೆ ಬಂದು ಬಿದ್ದವೆಂದರೆ ಮೊದಲ ಮಳೆಯ ತನಕ ಹೊಲದಲ್ಲಿ ಹೇಳಿಕೊಳ್ಳುವಂಥ ಕೆಲಸವಿಲ್ಲ. ಓಣಿಯ ಹೆಣ್ಣುಮಕ್ಕಳು ಬೇವಿನ ಗಿಡದ ನೆರಳಿಗೆ ಮೈ ಚಾಚುವ ಆ ದಿನಗಳಲ್ಲಿ ಅವ್ವ ಥಂಡಿಗಾಲಕ್ಕೆ ಕೈ ಹಚ್ಚುತ್ತಿದ್ದಳು. ಹತ್ತಿಕಟ್ಟಿಗೆ ಹಿತ್ತಲಿಗೆ ಬಂದು ಒಟ್ಟಿಕೊಳ್ಳುತ್ತಿತ್ತು. ಒಣಗಿದ ಸಗಣಿ ಕುಳ್ಳು ಮಳೆ ತಾಗದ ಮೂಲೆ ಸೇರುತ್ತಿದ್ದವು. ಅದು ಮುಗಿಯಿತೆಂದರೆ ನನ್ನ ಸಾಲಿಯ ಸರದಿ.

ಪರೀಕ್ಷೆ ಮುಗಿದ ಮರುದಿನವೇ ನನ್ನ ನೋಟ್‌ಬುಕ್ಕುಗಳೆಲ್ಲ ಅವ್ವನ ಮುಂದೆ ಹಾಜರಾಗಬೇಕು. ಅವಳಿಗೆ ಓದಲು ಬರುತ್ತಿರಲಿಲ್ಲ. ಬರೆದ ಹಾಳೆ ಯಾವುದು, ಬರೆಯದ ಹಾಳೆ ಯಾವುದು ಎಂಬುದು ಮಾತ್ರ ನಮ್ಮ ಮಾಸ್ತರರಿಗಿಂತ ಚೆನ್ನಾಗಿ ತಿಳಿಯುತ್ತಿತ್ತು. ಖಾಲಿ ಹಾಳೆಗಳನ್ನೆಲ್ಲ ಹರಿದು ಒಂದು ಮಾಡಿ, ದಬ್ಬಣದಿಂದ ಬೆನ್ನು ಹೊಲಿದು, ಹೊಸ ನೋಟ್‌ಬುಕ್ ಮಾಡಿಕೊಡುತ್ತಿದ್ದಳು. ಒಂದು ಪುಟಕ್ಕೆ ಎರಡು ಗೆರೆ, ಮುಂದಿನದಕ್ಕೆ ನಾಲ್ಕು ಗೆರೆ, ಅದರ ಮುಂದಿನದಕ್ಕೆ ಚೌಕಳಿ. ನಾನು ಚೌಕಳಿಯ ಮೇಲೆ ಕನ್ನಡ ಪದ್ಯ ಬರೆದಿದ್ದೇನೆ. ಇನ್ನು ನನ್ನ ನೀಲಿ ಲಂಗದ ಕಥೆ ಕೇಳಿ. ಐದನೇ ಇಯತ್ತೆಯಲ್ಲಿ ಹೊಲಿಸಿದ ಆ ಲಂಗಕ್ಕೆ ಕೆಳಗೆ ನಾಲ್ಕು ಬೆರಳು ಮಡಿಕೆ ಇತ್ತು. ವರ್ಷಕ್ಕೆ ಒಂದು ಬೆರಳು ಬಿಚ್ಚುವುದು. ಬಿಚ್ಚಿದಲ್ಲೆಲ್ಲ ಹಳೆಯ ಮಡಿಕೆಯ ಗೆರೆ ಕಡುನೀಲಿಯಾಗಿ ಉಳಿಯುತ್ತಿತ್ತು. ನಾನು ಎಷ್ಟನೇ ಇಯತ್ತೆ ಎಂದು ಯಾರೂ ನನ್ನನ್ನು ಕೇಳುತ್ತಿರಲಿಲ್ಲ, ಲಂಗದ ಗೆರೆ ಎಣಿಸುತ್ತಿದ್ದರು.

ಕಡೆಗೆ ಕೌದಿ. ಕೌದಿ ಗೊತ್ತಲ್ಲ ನಿಮಗೆ? ಹಳೇ ಸೀರೆ, ಹರಿದ ಧೋತರ, ಕೈಗೆ ಸಿಕ್ಕ ಅರಿವೆಯನ್ನೆಲ್ಲ ಪದರು ಪದರಾಗಿ ಹಾಸಿ, ಅಂಚಿನಿಂದ ಸುತ್ತಿ ಸುತ್ತಿ ಹೊಲಿಯುತ್ತ ನಡುವಿಗೆ ಬರುವುದು. ದಾರಕ್ಕೆ ಅವ್ವ ರೊಕ್ಕ ಕೊಟ್ಟವಳಲ್ಲ. ಗಜೇಂದ್ರಗಡದಲ್ಲಿ ಸೀರೆ ನೇಯುವವರ ಮನೆಗೆ ಒಂದು ಸೇರು ಕಡಲೆ ಒಯ್ದು, ಮಗ್ಗದಲ್ಲಿ ಉಳಿದ ನೂಲಿನ ತುಂಡುಗಳನ್ನು ಉಡಿ ತುಂಬ ತರುತ್ತಿದ್ದಳು. ಅದಕ್ಕೇ ನಮ್ಮ ಕೌದಿಯ ಒಂದೊಂದು ಸಾಲಿಗೆ ಒಂದೊಂದು ಬಣ್ಣ. ನಡುವಿಗೆ ಬಂದಾಗ ಅಂಗೈಯಗಲ ಜಾಗ ಬಿಟ್ಟು, ಅದರೊಳಗೆ ಐದು ಕಾಳು ಅಕ್ಕಿ ಹಾಕಿ, ಆಮೇಲೆ ಮುಚ್ಚಿ ಹೊಲಿಯುವುದು. ಇದಕ್ಕೆ ನಮ್ಮ ಮನೆಯಲ್ಲಿ ಕೌದಿಯ ಹೊಟ್ಟಿ ತುಂಬಿಸುವುದು ಅಂತಿದ್ದರು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲವಂತೆ. ಹೊಟ್ಟಿ ತುಂಬಿದ ಕೌದಿಯನ್ನು ತಾನಾಗಿ ಹರಿಯುವ ತನಕ ಯಾರೂ ಬಿಚ್ಚಬಾರದು.

ನಾನು ಏಳನೇ ಇಯತ್ತೆ ಪಾಸಾದ ಬೇಸಿಗೆಯಲ್ಲಿ ಅವ್ವ ಮೂರು ಕೌದಿ ಹೊಲಿದಳು. ಎರಡು ಮನೆಗೆ. ಒಂದು ಕೊಣ್ಣೂರಿನಲ್ಲಿದ್ದ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ. ಅವರ ಮಗಳು ಬಾಣಂತನಕ್ಕೆ ಬಂದಿದ್ದಳು, ಕೂಸಿಗೆ ಹಾಸಲು ಬೇಕಾಗಿತ್ತು.

ನಮ್ಮೂರ ಸಾಲಿ ಏಳಕ್ಕೇ ಮುಗಿಯುತ್ತಿತ್ತು. ಮುಂದೆ ಓದುವುದಿದ್ದರೆ ರೋಣಕ್ಕೆ ಬರಬೇಕು. ನನ್ನ ಜೋಡಿ ಪಾಸಾದ ಹುಡುಗಿಯರೆಲ್ಲ ಹೊಲದ ದಾರಿ ಹಿಡಿದಿದ್ದರು. ಅಪ್ಪ ನನ್ನನ್ನು ಕಳಿಸಲು ಒಪ್ಪಿದ್ದ, ಆದರೆ ಒಂದು ಮಾತು ಕಡ್ಡಿ ಮುರಿದಂತೆ ಹೇಳಿದ್ದ: "ಈ ವರ್ಷ ಸೇರಿದಿ ಅಂದ್ರ ಸೇರಿದಿ. ಮುಂದಿನ ವರ್ಷ ಅಂದ್ರ ನನ್ನ ಕೇಳಬ್ಯಾಡ."

ಜೂನ್ ಬಂತು. ಹೆಸರು ಹಚ್ಚಲು ಎರಡು ದಿನ ಉಳಿದಿದ್ದಾಗ ಟಿ.ಸಿ. ತೆಗೆಯೋಣವೆಂದು ಟ್ರಂಕು ತೆರೆದರೆ ಟಿ.ಸಿ. ಇಲ್ಲ. ಸೀರೆ ಜಾಡಿಸಿದೆವು, ಟ್ರಂಕನ್ನೇ ಬೋರಲು ಹಾಕಿದೆವು. ಅಪ್ಪ ಹಳೇ ಸಾಲಿಗೆ ಓಡಿದ. ಇನ್ನೊಂದು ಪ್ರತಿ ಬೇಕೆಂದರೆ ಅರ್ಜಿ ಮೇಲಿನ ಆಫೀಸಿಗೆ ಹೋಗಿ ಬರಬೇಕು, ಹದಿನೈದು ದಿನವಾದರೂ ಬೇಕು ಎಂದರಂತೆ ಹೆಡ್ ಮಾಸ್ತರರು.

ಈಗ ನಿಮಗೆ ಖರೇ ಹೇಳುತ್ತೇನೆ. ಅವ್ವ ಆ ಕಾಗದವನ್ನು ಸೀರೆಗಳ ಅಡಿಗೆ ಚೆನ್ನಾಗಿಯೇ ಇಟ್ಟಿದ್ದಳು. ಇಲಿ ಕಡಿದೀತು ಎಂದು ಅತಿ ಶಾಣ್ಯಾತನ ಮಾಡಿ, ಯಾರಿಗೂ ಹೇಳದೆ, ಅದನ್ನು ಅಜ್ಜ ತಲೆಗೆ ಸುತ್ತುತ್ತಿದ್ದ ಹಳೇ ರುಮಾಲಿನೊಳಗೆ ಸುತ್ತಿಟ್ಟವಳು ನಾನು. ಟ್ರಂಕಿನಲ್ಲಿ ಈಗ ಆ ರುಮಾಲೂ ಇರಲಿಲ್ಲ.

"ಯವ್ವಾ, ಅಜ್ಜನ ರುಮಾಲು ಎಲ್ಲೈತಿ?" ಎಂದು ಕೇಳಿದೆ. ಅಷ್ಟೇ ಕೇಳಿದೆ.

ಅವ್ವ ಒಂದು ಗಳಿಗೆ ನನ್ನ ಮುಖ ನೋಡಿದಳು. "ಕೌದ್ಯಾಗ ಹೋತಲ್ಲ," ಎಂದಳು. ಆಮೇಲೆ ನಿಧಾನಕ್ಕೆ, "ಒಂದು ಕಡೆ ಸೂಜಿ ಬಿಗಿ ಹತ್ತಿತ್ತು. ರುಮಾಲಿನ ಗಂಜಿ ಇರಬೇಕಂತ ಒತ್ತಿ ಹೊಲದೆ," ಎಂದಳು.

ಯಾವ ಕೌದಿ ಎಂದು ಅವಳಿಗೆ ನೆನಪಿರಲಿಲ್ಲ. ಮನೆಯಲ್ಲಿದ್ದ ಎರಡನ್ನೂ ಇಳಿಸಿ, ಒಂದನ್ನು ಅವಳು, ಒಂದನ್ನು ನಾನು ಕಿವಿಗೆ ಒತ್ತಿಕೊಂಡು ಮೂಲೆಯಿಂದ ಮೂಲೆಗೆ ಹಿಂಡುತ್ತ ಹೋದೆವು. ಒಳಗೆ ಬಂದ ಅಪ್ಪ ಬಾಗಿಲಲ್ಲೇ ನಿಂತುಬಿಟ್ಟ. "ತಾಯಿ ಮಗಳಿಗೆ ಏನಾಗೇತಿ? ಕೌದಿ ಏನಂತ ಹೇಳಾಕತ್ತಾವು?" ಎಂದ. ಕೌದಿಗಳು ಏನೂ ಹೇಳಲಿಲ್ಲ. ಉಳಿದದ್ದು ಕೊಣ್ಣೂರಿನದು.

ಮರುದಿನ ಮುಂಜಾನೆ ರೋಣದ ಬಸ್ಸು, ಅಲ್ಲಿಂದ ನರಗುಂದದ ಬಸ್ಸು, ಅಲ್ಲಿಂದ ಕೊಣ್ಣೂರು. ಮಲಪ್ರಭೆಯಲ್ಲಿ ನೀರು ಇನ್ನೂ ತಳ ಹಿಡಿದಿತ್ತು. ದಾರಿಯಲ್ಲಿ ಖರೇ ಹೇಳಿಬಿಡಬೇಕೆಂದು ನಾನು ಮೂರು ಸಲ ಬಾಯಿ ತೆರೆದು ಮೂರು ಸಲ ಮುಚ್ಚಿದೆ.

ಅತ್ತೆ ಪಡಸಾಲೆಯಲ್ಲೇ ಸಿಕ್ಕರು. "ಬರ್ರಿ ಬರ್ರಿ, ಕೂಸಿನ್ನ ನೋಡಾಕ ಬಂದ್ರೇನು?"

"ಕೂಸಿನ್ನೂ ನೋಡೂಣು ಯಕ್ಕಾ. ಮೊದಲ ಕೌದಿ ನೋಡಬೇಕಾಗೈತಿ," ಎಂದಳು ಅವ್ವ.

ಕೂಸು ಅದೇ ಕೌದಿಯ ಮೇಲೆ ಕಾಲು ಬಡಿಯುತ್ತ ಮಲಗಿತ್ತು. ಅವ್ವ ಮಂಡಿಯೂರಿ, ಕೂಸಿನ ಬೆನ್ನ ಕೆಳಗೆ ಕೈ ತೂರಿಸಿ ಹಿಂಡಿದಳು. ನಡುವಿನಲ್ಲಿ, ಹೊಟ್ಟಿಯ ಹತ್ತಿರವೇ, ಚರಕ್ ಎಂದಿತು. ನನ್ನ ಎಂಟನೇ ಇಯತ್ತೆ ಕೂಸಿನ ಅಡಿಗೆ ಬಿದ್ದಿತ್ತು.

ವಿಷಯ ಕೇಳಿ ಅತ್ತೆಯ ಮುಖ ಬಿಗಿಯಿತು. "ಹೊಟ್ಟಿ ತುಂಬಿದ ಕೌದಿ ಬಿಚ್ಚತಾರೇನ ನೀಲವ್ವಾ? ಅದೂ ಕೂಸು ಮಲಗೂ ಕೌದಿ? ನಿನಗ ತಿಳಿಯಂಗಿಲ್ಲೇನು?"

"ತಿಳೀತೈತಿ ಯಕ್ಕಾ."

"ಮತ್ತ ಕಾಗದ ಅದರಾಗ ಹ್ಯಾಂಗ ಹೋತು? ಯಾರಿಟ್ರು?"

ನಾನು ನನ್ನ ಕಾಲ್ಬೆರಳು ನೋಡಿಕೊಂಡೆ.

"ನಾನ ಇಟ್ಟೆ," ಎಂದಳು ಅವ್ವ. "ನಾನ ಮರತು ಹೊಲದೆ. ತಪ್ಪು ನಂದು."

"ನಿಂದು ಯಾವಾಗ್ಲೂ ಲಗೂ ಲಗೂ! ಬ್ಯಾಸಗ್ಯಾಗ ಥಂಡಿ ಕೆಲಸ ಮಾಡಂತ ಯಾರ ಹೇಳ್ಯಾರ ನಿನಗ? ಇರಲಿ, ಹುಡುಗಿ ಒಂದು ವರ್ಷ ಮನ್ಯಾಗ ಇದ್ರ ಏನ ಗಂಟು ಹೋಗತೈತಿ?"

"ಒಂದು ವರ್ಷ ಮನ್ಯಾಗ ಕುಂತ ಹುಡುಗಿ ಮತ್ತ ಸಾಲಿಗೆ ಹೋಗಂಗಿಲ್ಲ ಯಕ್ಕಾ. ನಿನಗೂ ಗೊತ್ತೈತಿ, ನನಗೂ ಗೊತ್ತೈತಿ. ಬಿಚ್ಚೂದು ನಾನ, ಮುಚ್ಚೂದೂ ನಾನ. ದೀಪ ಹಚ್ಚೂದರಾಗ ಮತ್ತ ಹೊಟ್ಟಿ ತುಂಬಿ ಕೊಡತೀನಿ. ಏನರ ಕೆಟ್ಟದ್ದಾದ್ರ ನನಗಾಗಲಿ."

ಅತ್ತೆ ಬಾಗಿ ಕೂಸನ್ನು ಎತ್ತಿ ತಮ್ಮ ಉಡಿಯಲ್ಲಿ ಹಾಕಿಕೊಂಡರು. "ಕೆಟ್ಟ ಮಾತು ಆಡಬ್ಯಾಡ. ಬಿಚ್ಚು. ಬಲಗಡಿಂದ ಬ್ಯಾಡ, ಎಡಗಡಿಂದ ಬಿಚ್ಚು," ಎಂದರು. ಎಡಗಡೆಯಿಂದ ಬಿಚ್ಚಿದರೆ ದೋಷವಿಲ್ಲ ಎಂಬುದನ್ನು ನಾನು ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಆ ಗಳಿಗೆಯಲ್ಲಿ ಅತ್ತೆಯೇ ಹುಟ್ಟಿಸಿದ ಶಾಸ್ತ್ರ ಅದು.

ಒಂದೊಂದೇ ಹೊಲಿಗೆ ಬಿಚ್ಚಿ, ಪದರು ಸರಿಸಿ, ರುಮಾಲಿನ ಮಡಿಕೆಯಿಂದ ಅವ್ವ ಕಾಗದವನ್ನು ಎಳೆದಳು. ಈ ಅಂಚಿನಿಂದ ಆ ಅಂಚಿನವರೆಗೆ ಸೂಜಿಯ ತೂತುಗಳ ಸಾಲು. ಒಂದು ಮೂಲೆಯಲ್ಲಿ ಹಳದಿ ಕಲೆ. ಅತ್ತೆ ಬಗ್ಗಿ ನೋಡಿ, ಸಿಟ್ಟು ಮರೆತು ನಕ್ಕುಬಿಟ್ಟರು. "ನಮ್ಮ ಕೂಸೂ ಸಹಿ ಮಾಡೇತಿ ನೋಡ!"

ಅವ್ವ ಮತ್ತೆ ಹೊಲಿಯತೊಡಗಿದಾಗ ಅತ್ತೆ ತಮ್ಮ ಸೂಜಿ ತಂದು ಆ ಕಡೆಯಿಂದ ಕೂತರು. ಹೊಟ್ಟಿಗೆ ಅಕ್ಕಿಯನ್ನೂ ಅವರೇ ತಂದರು. ಐದು ಕಾಳಲ್ಲ, ಒಂದು ಹಿಡಿ. "ನಡುವ ಉಪವಾಸ ಬಿದ್ದೈತಿ, ಜಾಸ್ತಿ ಹಾಕು," ಎಂದರು.

ಮರುದಿನ ಮೊದಲ ಬಸ್ಸಿಗೆ ಹೊರಟು ನೇರ ರೋಣದ ಹೈಸ್ಕೂಲಿಗೆ ಬಂದೆವು. ಅಂದೇ ಕಡೇ ದಿನ. ಅಲ್ಲಿನ ಹೆಡ್ ಮಾಸ್ತರರು ನನ್ನ ಟಿ.ಸಿ.ಯನ್ನು ಕಿಟಕಿಗೆ ಎತ್ತಿ ಹಿಡಿದರು. ತೂತುಗಳಿಂದ ತೂರಿದ ಬಿಸಿಲು ಅವರ ಅಂಗಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿತ್ತು.

"ಏನವಾ ಇದು? ಜರಡಿ ತಂದೀಯೇನು?"

"ಟಿ.ಸಿ. ರಿ. ಕೌದ್ಯಾಗ ಇತ್ರಿ," ಎಂದಳು ಅವ್ವ.

"ಕೌದ್ಯಾಗ ಯಾಕಿತ್ತು?"

"ಥಂಡಿ ಆಗಬಾರದಂತ್ರಿ."

ಹೆಡ್ ಮಾಸ್ತರರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಕನ್ನಡಕ ಏರಿಸಿ, ತೂತುಗಳ ನಡುವೆ ಉಳಿದಿದ್ದ ಅಕ್ಷರ ಒಂದೊಂದಾಗಿ ಓದಿ, ನನ್ನ ಹೆಸರು ಬರೆದುಕೊಂಡರು.

ಅಲ್ಲಿಂದ ಮುಂದೆ ಹೈಸ್ಕೂಲು, ಪಿಯುಸಿ, ಬಿ.ಎ., ಬಿ.ಎಡ್. ಒಂದೂ ವರ್ಷ ತಪ್ಪಿಸಿಲ್ಲ. ಟೀಚರ್ ಆದೆ. ಮದುವೆ ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ, ಎಲ್ಲಿ ನಾಲ್ಕು ಜನ ಕೂಡಿದರೂ ಈ ಕಥೆ ಹೇಳಿ ನಗಿಸಿದ್ದೇನೆ. "ನಮ್ಮವ್ವ ನನ್ನ ಟಿ.ಸಿ.ನೇ ಕೌದಿಗೆ ಹೊಲಿದುಬಿಟ್ಟಿದ್ದಳು" ಎಂದೇ ಯಾವಾಗಲೂ ಶುರು. ರುಮಾಲಿನ ಸುದ್ದಿ ಎತ್ತುತ್ತಿರಲಿಲ್ಲ. ಅವ್ವ ಎದುರಿಗಿದ್ದರೆ ಅವಳೂ ನಗುತ್ತಿದ್ದಳು.

ಈಗ ಅವ್ವ ನಮ್ಮ ಜೊತೆಯೇ ಇದ್ದಾಳೆ. ಸ್ವೆಟರ್ ತಂದ ದಿನ ಸಂಜೆ ಅವಳು ಪಡಸಾಲೆಯಲ್ಲಿ ಮೊಮ್ಮಕ್ಕಳ ಕೌದಿ ಹೊಲಿಯುತ್ತ ಕೂತಿದ್ದಳು. ಎದುರಿಗೆ ಕೂತು ತುಂಡು ಅರಿವೆ ಎತ್ತಿಕೊಡುತ್ತಿದ್ದ ನನಗೆ ಏನನ್ನಿಸಿತೋ, ಹೇಳಿಬಿಟ್ಟೆ. "ಯವ್ವಾ, ಅವತ್ತ ಆ ಕಾಗದ ರುಮಾಲಿನ್ಯಾಗ ಸುತ್ತಿಟ್ಟಾಕಿ ನಾನು."

ಸೂಜಿ ನಿಲ್ಲಲಿಲ್ಲ. "ಗೊತ್ತೈತಿ," ಎಂದಳು.

"ಯಾವಾಗಿಂದ?"

"ರುಮಾಲು ಎಲ್ಲೈತಿ ಅಂತ ಕೇಳಿದೆಲ್ಲ, ಅವಾಗಿಂದ."

"ಮತ್ತ ಅತ್ತಿ ಮುಂದ ನಿನ್ನ ತಪ್ಪಂತ ಯಾಕ ಹೇಳಿದಿ?"

"ನನ್ನ ತಪ್ಪು ಅಂದ್ರ ಕೌದಿ ಬಿಚ್ಚಿದ್ರ ಮುಗೀತಿತ್ತು. ನಿನ್ನ ತಪ್ಪು ಅಂದಿದ್ರ? ಒಂದು ಕಾಗದ ಜ್ವಾಕಿ ಮಾಡಾಕ ಬರಂಗಿಲ್ಲ, ಇಕಿನ್ನ ಸಾಲಿಗೆ ಕಳಿಸಿ ಏನ ಮಾಡ್ತೀರಿ ಅಂತಿದ್ರು. ನಿಮ್ಮತ್ತಿ ಅಂತಿದ್ಲು, ನಿಮ್ಮಪ್ಪನೂ ಅಂತಿದ್ದ. ಆ ಮಾತು ಒಮ್ಮೆ ಬಾಯಿಂದ ಬಿದ್ದಿದ್ರ, ನಾನು ಹ್ಯಾಂಗ ಬಿಚ್ಚಲಿ ಅದನ್ನ?"

ಆ ಹೊತ್ತಿಗೆ ಮಕ್ಕಳು ಬಂದು ಅಜ್ಜಿಯ ಅರಿವೆಯ ಗಂಟಿನ ಮೇಲೆ ಬಿದ್ದವು. "ಮಮ್ಮಿ, ಕೌದಿ ಕಥಿ ಹೇಳು" ಎಂದು ಪೀಡಿಸಿದವು. ನೂರು ಸಲ ಕೇಳಿದ ಕಥೆ, ಎಲ್ಲಿ ನಗಬೇಕೆಂದು ಅವಕ್ಕೆ ಗೊತ್ತು.

"ನಾನು ಏಳನೇತ್ತೆ ಪಾಸಾದಾಗ, ನನ್ನ ಟಿ.ಸಿ.ನ ಅಜ್ಜನ ರುಮಾಲಿನ್ಯಾಗ ಸುತ್ತಿ, ಯಾರಿಗೂ ಹೇಳದ ಇಟ್ಟಿದ್ದೆ," ಎಂದು ಶುರು ಮಾಡಿದೆ.

"ಹಂಗಲ್ಲ, ಹಂಗಲ್ಲ," ಎಂದ ಸಣ್ಣವ.

"ಹೌದ ನೋಡ," ಎಂದಳು ಅವ್ವ. "ಹಳೇದ ಚಲೋ ಇತ್ತು. ಅದನ್ನ ಹೇಳು."

ನಾನು ಅವಳ ಮಾತು ಕೇಳಲಿಲ್ಲ, ರುಮಾಲಿನಿಂದಲೇ ಮುಂದುವರಿಸಿದೆ.